ಮಾಟುಂಗಾ, ಕಿಂಗ್ಸ್ ಸರ್ಕಲ್, ವಡಾಲ: ನಮ್ಮ ಕಡೆಯ ಸುದ್ದಿ ಮತ್ತು ಕಾರ್ಯಕ್ರಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಹೊಸದಾಗಿ ಮುಂಬಯಿಗೆ ಬಂದವರು ಕೇಳುತ್ತಾರೆ. ಮಲಾಡ್, ಡೊಂಬಿವಲಿ ಕಡೆಯಿಂದ ಮನೆ ಬದಲಿಸಿ ಇಲ್ಲಿಗೆ ಬಂದವರು ಕೇಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದು ಈಗ ನವಿ ಮುಂಬಯಿ ಸೇರಿದವರೂ ಕೇಳುತ್ತಾರೆ. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಮ್ಮ ಕಡೆ ಕಾರ್ಯಕ್ರಮಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಸುದ್ದಿ ಸರಿಯಾದವರಿಗೆ, ಸರಿಯಾದ ಹೊತ್ತಿಗೆ ಮುಟ್ಟುವುದರಲ್ಲಿ.

ಈ ಭಾಗದಲ್ಲಿ ಕನ್ನಡ ಕಾರ್ಯಕ್ರಮಗಳು ಮುಖ್ಯವಾಗಿ ಎಲ್ಲಿ ನಡೆಯುತ್ತವೆ?

ಮೊದಲು ಎರಡು ಜಾಗ ಗೊತ್ತಿರಲಿ. ಒಂದು, ಮಾಟುಂಗಾ ಪೂರ್ವದ ಭಾವುದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್. 1926ರಲ್ಲಿ ಶುರುವಾದ ಸಂಸ್ಥೆ. ನಾಟಕ, ಸಂಗೀತ, ಉಪನ್ಯಾಸ, ಪುಸ್ತಕ ಬಿಡುಗಡೆ ಎಲ್ಲ ಅಲ್ಲಿ ನಡೆಯುತ್ತವೆ. ಇನ್ನೊಂದು, 1933ರಲ್ಲಿ ಶುರುವಾದ ಕರ್ನಾಟಕ ಸಂಘ. ಇದು ಮಾಹಿಮ್‌ನ ಮೊಘಲ್ ಲೇನ್‌ನಲ್ಲಿದೆ. ಇದರ ಸಭಾಗೃಹಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ.

ಇವೆರಡರ ಆಚೆ ಸಯಾನ್‌ನ ಗೋಕುಲ, ವಡಾಲದ ನ್ಯಾಷನಲ್ ಕನ್ನಡ ಎಜ್ಯುಕೇಷನ್ ಸೊಸೈಟಿಯ ಶಾಲೆ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್ ಪೂರ್ವದ ಬಿಲ್ಲವ ಭವನ ಇವೆ. ದೊಡ್ಡ ಸಂಗೀತ ಕಚೇರಿಗಳಿಗೆ ಷಣ್ಮುಖಾನಂದ ಸಭಾಗೃಹವಿದೆ. 1990ರಲ್ಲಿ ಬೆಂಕಿಗೆ ತುತ್ತಾಗಿ, ಮತ್ತೆ ಕಟ್ಟಿ 1998ರಲ್ಲಿ ಬಾಗಿಲು ತೆರೆದ ಸಭಾಗೃಹ ಅದು. ಸುಮ್ನೆ ಒಂದು ಸಂಜೆ ಹೋಗಿ ಕೂತರೂ ಸಂತೋಷ ಆಗುವ ಜಾಗ.

ಪತ್ರಿಕೆಯಲ್ಲಿ 'ಮಾಟುಂಗಾದಲ್ಲಿ ಕಾರ್ಯಕ್ರಮ' ಅಂತಿದೆ. ಯಾವ ಸ್ಟೇಷನ್‌ನಲ್ಲಿ ಇಳಿಯಬೇಕು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಕೇಳಲೇಬೇಕಾದ ಪ್ರಶ್ನೆಯೂ ಹೌದು. ಈ ಸಣ್ಣ ಜಾಗಕ್ಕೆ ಮೂರು ಸ್ಟೇಷನ್. ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ. ವೆಸ್ಟರ್ನ್ ಲೈನಿನಲ್ಲಿ ಮಾಟುಂಗಾ ರೋಡ್. ಹಾರ್ಬರ್ ಲೈನಿನಲ್ಲಿ, ವಡಾಲ ರೋಡ್ ಮತ್ತು ಮಾಹಿಮ್ ನಡುವೆ, ಕಿಂಗ್ಸ್ ಸರ್ಕಲ್.

ಮೈಸೂರು ಅಸೋಸಿಯೇಷನ್‌ಗೆ ಹೋಗುವವರು ಸೆಂಟ್ರಲ್‌ನ ಮಾಟುಂಗಾದಲ್ಲಿ ಇಳಿದು ಪೂರ್ವಕ್ಕೆ ಬನ್ನಿ. 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುವ ಸ್ಟೇಷನ್ ಇದೇ. ಹಾರ್ಬರ್ ಲೈನಿನವರಿಗೆ ಕಿಂಗ್ಸ್ ಸರ್ಕಲ್ ಅನುಕೂಲ. ಕರ್ನಾಟಕ ಸಂಘಕ್ಕೆ ಹೋಗುವವರು ವೆಸ್ಟರ್ನ್‌ನ ಮಾಟುಂಗಾ ರೋಡ್‌ನಲ್ಲಿ ಇಳಿದು ಪಶ್ಚಿಮಕ್ಕೆ ಹೋಗಬೇಕು. ಹಲವರು ಇದನ್ನೂ 'ಮಾಟುಂಗಾದ ಸಂಘ' ಅಂತಲೇ ಹೇಳುತ್ತಾರೆ. ಗೊಂದಲ ಶುರುವಾಗುವುದು ಅಲ್ಲೇ.

ತಪ್ಪು ಸ್ಟೇಷನ್‌ನಲ್ಲಿ ಇಳಿದರೂ ಗಾಬರಿ ಬೇಡ. ಮಾಟುಂಗಾ ಮತ್ತು ಮಾಟುಂಗಾ ರೋಡ್ ಎರಡನ್ನೂ ಸೇರಿಸುವ ಪಾದಚಾರಿ ಸೇತುವೆ ಇದೆ. ಎಲ್ಲರೂ ಅದನ್ನು ಝಡ್ ಬ್ರಿಜ್ ಅಂತ ಕರೆಯುತ್ತಾರೆ. ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮೊಣಕಾಲು ನೋವಿರುವ ಹಿರಿಯರನ್ನು ಮಾತ್ರ ಆ ದಾರಿಯಲ್ಲಿ ಕರೆತರಬೇಡಿ. ಮೆಟ್ಟಿಲು ಹತ್ತಬೇಕು, ನಡೆಯುವುದೂ ಜಾಸ್ತಿ. ಟ್ಯಾಕ್ಸಿ ಹಿಡಿಯಿರಿ.

ಭಾನುವಾರ ರೈಲು ನಂಬಿ ಹೊರಡಬಹುದಾ?

ಹೊರಡಬಹುದು, ಆದರೆ ಶನಿವಾರವೇ ಮೆಗಾ ಬ್ಲಾಕ್ ನೋಡಿಕೊಳ್ಳಿ. ಸೆಂಟ್ರಲ್ ಲೈನಿನಲ್ಲಿ ಹಲವು ಭಾನುವಾರ ಮಾಟುಂಗಾ–ಮುಲುಂಡ್ ನಡುವೆ ಫಾಸ್ಟ್ ಟ್ರ್ಯಾಕ್ ದುರಸ್ತಿಗೆ ಮುಚ್ಚಿರುತ್ತದೆ. ಬೆಳಿಗ್ಗೆ 11ರ ಹೊತ್ತಿಗೆ ಶುರುವಾಗಿ ಮಧ್ಯಾಹ್ನ ಸುಮಾರು 4ರವರೆಗೆ ಫಾಸ್ಟ್ ಗಾಡಿಗಳೂ ಸ್ಲೋ ಟ್ರ್ಯಾಕಿನಲ್ಲೇ ಬರುತ್ತವೆ. ಗಾಡಿ ಬರುತ್ತದೆ, ತಡವಾಗುತ್ತದೆ ಅಷ್ಟೆ. ಹಾರ್ಬರ್ ಲೈನಿನಲ್ಲಿ ಸಿಎಸ್ಎಂಟಿ–ಬಾಂದ್ರಾ ಬ್ಲಾಕ್ ಇದ್ದರೆ ಕಿಂಗ್ಸ್ ಸರ್ಕಲ್‌ಗೆ ಆ ಹೊತ್ತಲ್ಲಿ ಗಾಡಿಯೇ ಸಿಗದಿರಬಹುದು.

ಕಾರ್ಯಕ್ರಮ ಇಡುವವರಿಗೂ ಒಂದು ಮಾತು. ನಮ್ಮ ಜನ ಈಗ ಥಾಣೆ, ಕಲ್ಯಾಣ್, ವಾಶಿ, ವಸಾಯಿವರೆಗೂ ಹರಡಿದ್ದಾರೆ. ಭಾನುವಾರ ಮಧ್ಯಾಹ್ನ 2 ಗಂಟೆಗೆ ಕಾರ್ಯಕ್ರಮ ಇಟ್ಟರೆ ಅವರೆಲ್ಲ ಬ್ಲಾಕಿನ ಹೊತ್ತಲ್ಲೇ ಹೊರಡಬೇಕು. ಸಂಜೆ 4.30ಕ್ಕೆ ಇಡಿ, ಬರುವವರಿಗೆ ಎಷ್ಟೋ ಹಗುರವಾಗುತ್ತದೆ.

ಕರೆಯೋಲೆ ಬಂದಿಲ್ಲ. ಹಾಗೇ ಹೋಗಬಹುದಾ?

ಧಾರಾಳವಾಗಿ ಹೋಗಿ. ಆಮಂತ್ರಣದ ಕೊನೆಗೆ 'ಸರ್ವರಿಗೂ ಆದರದ ಸ್ವಾಗತ' ಅಂತಿದ್ದರೆ ಅದು ನಿಮಗೇ. ಸಂಘದ ವಾರ್ಷಿಕ ಮಹಾಸಭೆ ಸದಸ್ಯರಿಗೆ ಮಾತ್ರ. ಟಿಕೆಟ್ ಇರುವ ನಾಟಕಕ್ಕೆ ಟಿಕೆಟ್ ಬೇಕು. ಉಳಿದಂತೆ ಉಪನ್ಯಾಸ, ಪುಸ್ತಕ ಬಿಡುಗಡೆ, ತಾಳಮದ್ದಳೆ, ಭಜನೆ, ಪೂಜೆ, ಎಲ್ಲಕ್ಕೂ ಬಾಗಿಲು ತೆರೆದೇ ಇರುತ್ತದೆ. ಜಾತಿ ಸಂಘದ ಹೆಸರು ನೋಡಿ 'ನಾವು ಅವರಲ್ಲ' ಅಂತ ಹಿಂದೆ ಸರಿಯಬೇಡಿ. ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಬಂದವರನ್ನು ಯಾರೂ ನೀವು ಯಾರು ಅಂತ ಕೇಳುವುದಿಲ್ಲ. ಊರು ಯಾವುದು ಅಂತ ಖಂಡಿತ ಕೇಳುತ್ತಾರೆ. ಅದು ಪ್ರೀತಿಯಿಂದ.

ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ನಡೆಯುವ ಅರಶಿನ ಕುಂಕುಮಕ್ಕೂ ಹೊಸಬರನ್ನು ಕರೆದುಕೊಂಡು ಹೋಗಿ. ಇಲ್ಲಿನ ಮರಾಠಿ ಮನೆಗಳ ಹಳದಿ ಕುಂಕುಮ ನೋಡಿ ಬೆಳೆದ ನಮ್ಮ ಹೆಣ್ಣುಮಕ್ಕಳು ಅದನ್ನು ಸಂಘಗಳಲ್ಲೂ ದೊಡ್ಡ ಕಾರ್ಯಕ್ರಮವಾಗಿ ಮಾಡಿಕೊಂಡಿದ್ದಾರೆ. ಊರಿಂದ ಮದುವೆಯಾಗಿ ಬಂದ ಹುಡುಗಿಗೆ ಇಲ್ಲಿ ಮೊದಲ ಗೆಳತಿಯರು ಸಿಗುವುದು ಎಷ್ಟೋ ಸಲ ಅಲ್ಲಿಯೇ.

ಯಕ್ಷಗಾನ ಯಾವಾಗ ನೋಡಲು ಸಿಗುತ್ತದೆ?

ಮಳೆಗಾಲದಲ್ಲಿ. ಮೊದಲ ಸಲ ಕೇಳಿದವರಿಗೆ ಆಶ್ಚರ್ಯ ಆಗುತ್ತದೆ. ಊರಲ್ಲಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಯಲ್ಲಿ ಬಯಲಾಟ ಆಗುವುದಿಲ್ಲ. ಆಗ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಇಲ್ಲಿ ಸಭಾಗೃಹದ ಒಳಗೆ ಆಟ, ಮೇಲೆ ಸೂರು ಇದೆ, ಮಳೆಯ ಚಿಂತೆ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಒಂದೇ ಭಾನುವಾರ ಮೂರು ಕಡೆ ಆಟ ಇರುವುದೂ ಉಂಟು.

ಇಲ್ಲಿ ಇಡೀ ರಾತ್ರಿಯ ಆಟ ಸಿಗುವುದು ಕಡಿಮೆ. ಸಭಾಗೃಹದ ಸಮಯ, ಕೊನೆಯ ರೈಲು ಎರಡನ್ನೂ ನೋಡಬೇಕಲ್ಲ. ಹಾಗಾಗಿ ಕಾಲಮಿತಿ ಯಕ್ಷಗಾನವೇ ಜಾಸ್ತಿ. ಮೂರು ನಾಲ್ಕು ಗಂಟೆಯಲ್ಲಿ ಪ್ರಸಂಗ ಮುಗಿಯುತ್ತದೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಅರ್ಥಧಾರಿಗಳ ಮಾತು ಅಷ್ಟೆ. ಕನ್ನಡ ಕೇಳಲು ಹಂಬಲಿಸುವವರು ತಾಳಮದ್ದಳೆಗೆ ಹೋಗಿ ಅಂತ ನಾನು ಒತ್ತಿ ಹೇಳುತ್ತೇನೆ. ಅಷ್ಟು ಹೊತ್ತು ಒಂದೂ ಬೇರೆ ಭಾಷೆಯ ಪದ ಬೆರೆಸದೆ ಮಾತಾಡುವವರನ್ನು ಈ ನಗರದಲ್ಲಿ ಬೇರೆಲ್ಲೂ ಕೇಳಲಾರಿರಿ.

ಮಕ್ಕಳನ್ನು ಕರೆತಂದರೆ ಬೇಗ ಬನ್ನಿ. ಸಂಘಟಕರ ಹತ್ತಿರ ಕೇಳಿ, ಅವರು ಒಪ್ಪಿದರೆ ಚೌಕಿಗೆ, ಅಂದರೆ ವೇಷ ಹಾಕಿಕೊಳ್ಳುವ ಕೋಣೆಗೆ, ಕರೆದುಕೊಂಡು ಹೋಗಿ. ತೆಂಕುತಿಟ್ಟಿನ ರಾಕ್ಷಸ ವೇಷದವರು ಕನ್ನಡಿ ಹಿಡಿದು ಅಕ್ಕಿ ಹಿಟ್ಟಿನ ಚುಟ್ಟಿ ಇಡುವುದನ್ನು ಹತ್ತಿರದಿಂದ ನೋಡಲಿ. ಒಂದೊಂದೇ ಬಿಳಿ ಮುಳ್ಳು ಕೆನ್ನೆಯ ಮೇಲೆ ಎದ್ದು ನಿಲ್ಲುತ್ತದೆ. ಅದು ಒಣಗಿದ ಮೇಲೆ ಅವರು ಜಾಸ್ತಿ ಮಾತಾಡುವುದಿಲ್ಲ, ನಗುವುದೂ ಇಲ್ಲ, ಬಿರುಕು ಬಿಟ್ಟೀತು ಅಂತ. ಅದನ್ನು ನೋಡಿದ ಮಗು ಆಮೇಲೆ ರಂಗದ ಮೇಲೆ ಅದೇ ವೇಷ ಬಂದಾಗ ನಿದ್ದೆ ಮಾಡುವುದಿಲ್ಲ. ಫೋಟೊ ತೆಗೆಯುವ ಮೊದಲು ಕಲಾವಿದರನ್ನು ಕೇಳಿ.

ಕಿಂಗ್ಸ್ ಸರ್ಕಲ್ ಮತ್ತು ವಡಾಲದ ಜಿಎಸ್‌ಬಿ ಗಣಪತಿ ಎರಡೂ ಒಂದೇನಾ?

ಅಲ್ಲ. ಕಿಂಗ್ಸ್ ಸರ್ಕಲ್‌ನದು ಜಿಎಸ್‌ಬಿ, ಅಂದರೆ ಗೌಡ ಸಾರಸ್ವತ ಬ್ರಾಹ್ಮಣ, ಸೇವಾ ಮಂಡಲದ ಉತ್ಸವ. 1955ರಲ್ಲಿ ಶುರುವಾಯಿತು. ಐದು ದಿನ ನಡೆಯುತ್ತದೆ. ವಡಾಲದ್ದು ರಾಮ ಮಂದಿರದಲ್ಲಿ ನಡೆಯುವ ಬೇರೆ ಸಮಿತಿಯ ಉತ್ಸವ. ಅದು ಅನಂತ ಚತುರ್ದಶಿವರೆಗೆ ಇರುತ್ತದೆ. ಆದ್ದರಿಂದ ಚೌತಿಗೆ ಊರಿಗೆ ಹೋಗಿ ವಾರ ಬಿಟ್ಟು ಬಂದವರಿಗೆ ಕಿಂಗ್ಸ್ ಸರ್ಕಲ್‌ನ ದರ್ಶನ ತಪ್ಪಿಹೋಗಿರುತ್ತದೆ, ವಡಾಲದ್ದು ಸಿಗುತ್ತದೆ.

ಟಿವಿಯವರು ಪ್ರತಿ ವರ್ಷ ಹೇಳುವುದು ಕಿಂಗ್ಸ್ ಸರ್ಕಲ್ ಗಣಪತಿಯ ಚಿನ್ನ ಮತ್ತು ವಿಮೆಯ ಸುದ್ದಿ. 2025ರಲ್ಲಿ ವಿಮೆ 474.46 ಕೋಟಿ ರೂಪಾಯಿ. ಅದು ದೊಡ್ಡ ಸುದ್ದಿಯೇ, ಒಪ್ಪೋಣ. ಆದರೆ ನಮ್ಮ ಕಡೆಯವರಿಗೆ ಅಲ್ಲಿನ ಆಕರ್ಷಣೆ ಬೇರೆ. ಮೂರ್ತಿ ಮಣ್ಣಿನದು. ದಿನವಿಡೀ ಸೇವೆ, ತುಲಾಭಾರ, ಮಧ್ಯಾಹ್ನ ಬಾಳೆಲೆ ಊಟ. ಕರಾವಳಿಯ ದೇವಸ್ಥಾನದ ಪದ್ಧತಿಯನ್ನು ಹಾಗೇ ಇಟ್ಟುಕೊಂಡಿದ್ದಾರೆ. ಕೊಂಕಣಿ, ಕನ್ನಡ, ತುಳು, ಮರಾಠಿ ಎಲ್ಲ ಒಂದೇ ಸಾಲಿನಲ್ಲಿ ಕಿವಿಗೆ ಬೀಳುತ್ತವೆ. ಹಿರಿಯರಿದ್ದರೆ ಬೆಳಿಗ್ಗೆ ಬೇಗ ಹೋಗಿ, ಸಂಜೆ ಮತ್ತು ಭಾನುವಾರ ಬೇಡ. ಸ್ವಯಂಸೇವಕರಾಗಿ ಸೇರಬೇಕು ಅನ್ನುವವರು ಚೌತಿ ದಿನ ಹೋಗಿ ಕೇಳಿದರೆ ಆಗುವುದಿಲ್ಲ. ಕೆಲವು ವಾರ ಮೊದಲೇ ಕಚೇರಿಗೆ ಹೋಗಿ ಹೆಸರು ಕೊಡಿ.

ಮನೆ ಗಣಪತಿಯನ್ನು ಸಮುದ್ರದಲ್ಲೇ ಬಿಡಬೇಕಾ?

ಬೇಕಾಗಿಲ್ಲ. ಪಾಲಿಕೆ ಪ್ರತಿ ವಾರ್ಡಿನಲ್ಲಿ ಕೃತಕ ಕೊಳ ಮಾಡುತ್ತದೆ. ಮೂರ್ತಿಯ ಅಳತೆ ಮತ್ತು ಅದು ಯಾವುದರಿಂದ ಮಾಡಿದ್ದು ಅನ್ನುವುದರ ಮೇಲೆ ಆ ವರ್ಷದ ನಿಯಮ ಇರುತ್ತದೆ, ನೋಡಿಕೊಳ್ಳಿ. ಸಣ್ಣ ಮಣ್ಣಿನ ಮೂರ್ತಿಯಾದರೆ ಮನೆಯಲ್ಲೇ ಬಕೆಟ್‌ನಲ್ಲಿ ಬಿಟ್ಟು ಆ ಮಣ್ಣನ್ನು ತುಳಸಿ ಕುಂಡಕ್ಕೆ ಹಾಕುವವರೂ ಇದ್ದಾರೆ. ಅದು ನನಗೆ ತುಂಬ ಇಷ್ಟವಾದ ಪದ್ಧತಿ. ಚೌಪಾಟಿಗೇ ಹೋಗುವುದಾದರೆ ಬರಿಗಾಲಲ್ಲಿ ನೀರಿಗೆ ಇಳಿಯಬೇಡಿ. ಆ ತಿಂಗಳಲ್ಲಿ ತೊರಕೆ ಮೀನು, ಜೆಲ್ಲಿಫಿಶ್ ದಡದ ಹತ್ತಿರ ಬರುತ್ತವೆ. 2013ರಲ್ಲಿ ಗಿರ್ಗಾಂವ್ ಚೌಪಾಟಿಯಲ್ಲಿ ಎಷ್ಟೋ ಜನರಿಗೆ ತೊರಕೆ ಚುಚ್ಚಿತ್ತು.

ಜೋರು ಮಳೆ. ಕಾರ್ಯಕ್ರಮ ಇದೆಯೋ ಇಲ್ಲವೋ ಹೇಗೆ ತಿಳಿಯುವುದು?

ಇದಕ್ಕೆ ಸ್ವಲ್ಪ ಸಮುದ್ರದ ಲೆಕ್ಕ ಗೊತ್ತಿರಬೇಕು. ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ತಗ್ಗು ಜಾಗ. ಸುತ್ತಲಿನ ನೀರೆಲ್ಲ ಅಲ್ಲಿಗೆ ಇಳಿದು ಬರುತ್ತದೆ. ಈ ನಗರದ ಎಷ್ಟೋ ಚರಂಡಿಗಳ ಬಾಯಿ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಹೈ ಟೈಡ್ ಹೊತ್ತಲ್ಲಿ ಸಮುದ್ರ ಏರಿ ನಿಂತಿರುತ್ತದೆ, ಮಳೆ ನೀರಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಆಗ ಪಂಪ್ ಹಾಕಿ ಎತ್ತಬೇಕು, ಇಲ್ಲವೇ ಸಮುದ್ರ ಇಳಿಯುವವರೆಗೆ ಕಾಯಬೇಕು. ಬರೀ ಮಳೆಯಾದರೆ ನೀರು ಬೇಗ ಹರಿದುಹೋಗುತ್ತದೆ. ಮಳೆ ಮತ್ತು ಉಬ್ಬರ ಎರಡೂ ಒಟ್ಟಿಗೆ ಬಂದರೆ ರಸ್ತೆ ಮುಚ್ಚಿತು ಅಂತಲೇ ತಿಳಿಯಿರಿ.

ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನ ದಿನಗಳಲ್ಲಿ ಉಬ್ಬರ ದೊಡ್ಡದು. ಮುಂಬಯಿಯಲ್ಲಿ ಆ ದೊಡ್ಡ ಉಬ್ಬರ ಹೆಚ್ಚಾಗಿ ಮಧ್ಯಾಹ್ನ 12ರಿಂದ 2ರ ನಡುವೆ ಮತ್ತು ಮಧ್ಯರಾತ್ರಿಯ ಹೊತ್ತಿಗೆ ಬರುತ್ತದೆ. ಆಟಿ ಅಮಾವಾಸ್ಯೆ, ನೂಲು ಹುಣ್ಣಿಮೆ ಎಲ್ಲ ಮಳೆಗಾಲದಲ್ಲೇ ಬರುತ್ತವೆ ಅಲ್ವಾ? ಆ ದಿನ ಮಧ್ಯಾಹ್ನದ ಪೂಜೆ ಇಟ್ಟವರು ಇದನ್ನು ನೆನಪಿಡಬೇಕು. ಮಳೆಗಾಲಕ್ಕೆ ಮೊದಲೇ ಪಾಲಿಕೆ 4.5 ಮೀಟರ್‌ಗಿಂತ ಎತ್ತರದ ಉಬ್ಬರದ ದಿನಗಳ ಪಟ್ಟಿ ಕೊಡುತ್ತದೆ. ಅದನ್ನು ಸಂಘದ ಬೋರ್ಡಿಗೆ ಹಚ್ಚಿ. ಸಭಾಗೃಹ ಬುಕ್ ಮಾಡುವ ಮೊದಲು ನೋಡಿ.

ಆ ದಿನದ ಪರಿಸ್ಥಿತಿಗೆ ಪಾಲಿಕೆಯ 1916 ನಂಬರಿಗೆ ಫೋನ್ ಮಾಡಬಹುದು. ಆಮೇಲೆ ಸಂಘಟಕರಲ್ಲಿ ಒಬ್ಬರಿಗೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು 'ಇವತ್ತು ಹೊರಡಬೇಡ ಮಾರಾಯ' ಅಂದರೆ ಕೇಳಿ.

ಸಂಘಟಕರು ಮುಂದೂಡುವುದಿದ್ದರೆ ಬೆಳಿಗ್ಗೆ 10ರ ಒಳಗೆ ನಿರ್ಧಾರ ಮಾಡಿ. ಡೊಂಬಿವಲಿಯವರು ಮನೆಯಿಂದ ಹೊರಟ ಮೇಲೆ ಹೇಳಿದರೆ ಪ್ರಯೋಜನ ಇಲ್ಲ.

ಆಟಿಡೊಂಜಿ ದಿನ ಅಂದರೇನು? ತುಳು ಬಾರದವರು ಹೋಗಬಹುದಾ?

ಹೋಗಲೇಬೇಕು. ಆಟಿಡೊಂಜಿ ದಿನ ಅಂದರೆ ಆಟಿಯಲ್ಲೊಂದು ದಿನ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುವರ ಆಟಿ ತಿಂಗಳು. ಊರಲ್ಲಿ ಅದು ಕಷ್ಟದ ತಿಂಗಳಾಗಿತ್ತು, ಗದ್ದೆ ಕೆಲಸ ಮುಗಿದು ಕೈ ಖಾಲಿ. ಹಿತ್ತಲಲ್ಲಿ ಸಿಕ್ಕ ಸೊಪ್ಪು ಗೆಡ್ಡೆಯಲ್ಲೇ ಅಡುಗೆ. ಆ ಅಡುಗೆಯನ್ನೇ ಇಲ್ಲಿ ಸಂಘದ ಮಹಿಳೆಯರು ಮನೆಯಲ್ಲಿ ಮಾಡಿ ತರುತ್ತಾರೆ. ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ತಜಂಕಿನ (ಚಗಟೆ ಸೊಪ್ಪಿನ) ವಡೆ, ಹಲಸಿನ ಬೀಜದ ಪಲ್ಯ, ಕಣಿಲೆ (ಎಳೆ ಬಿದಿರು). ಎರಡು ವಾರ ಮೊದಲೇ ಯಾರು ಏನು ತರುವುದು ಅಂತ ಮಾತಾಗಿರುತ್ತದೆ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಮಾತ್ರ ಇಲ್ಲಿ ಕಷ್ಟವಿಲ್ಲ. ಮರಾಠಿಯವರು ಅಳೂವಡಿ ಮಾಡುವುದು ಅದರಲ್ಲೇ, ತರಕಾರಿ ಮಾರ್ಕೆಟಿನಲ್ಲಿ ಅಳೂಚೆ ಪಾನ್ ಅಂತ ಕೇಳಿದರೆ ಕೊಡುತ್ತಾರೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುತ್ತಾರೆ. ಮುಂಬಯಿಯ ರಸ್ತೆ ಬದಿಯಲ್ಲಿ ಅದೇ ಮರ, ಸಪ್ತಪರ್ಣಿ, ಬೇಕಾದಷ್ಟಿದೆ. ಹಾಗಂತ ನೀವೇ ತೊಗಟೆ ಕೆತ್ತಬೇಡಿ. ಊರಲ್ಲಿ ಕತ್ತಲಲ್ಲಿ ಮರ ಗುರುತು ತಪ್ಪಿ ಕಾಸರಕದ ತೊಗಟೆ ತಂದು ಜೀವ ಹೋದದ್ದಿದೆ, ಅದು ವಿಷ. ಇಲ್ಲಿನ ರಸ್ತೆ ಮರಕ್ಕೆ ಹೊಗೆ, ಬಣ್ಣ, ಔಷಧಿ ಏನೇನು ತಾಗಿದೆಯೋ. ತಿಳಿದವರು ಮಾಡಿ ಕೊಟ್ಟರೆ ಮಾತ್ರ ಕುಡಿಯಿರಿ, ಮೇಲೆ ಮೆಂತೆ ಗಂಜಿ ತಿನ್ನಿ.

ವರಮಹಾಲಕ್ಷ್ಮಿಗೆ ಹೂವು, ಬಾಳೆಲೆ ಎಲ್ಲಿ ಸಿಗುತ್ತದೆ?

ಮಾಟುಂಗಾ ಸ್ಟೇಷನ್ ಪೂರ್ವಕ್ಕೆ ಇಳಿದರೆ ಕಣ್ಣಿಗೇ ಬೀಳುತ್ತದೆ. ಮಲ್ಲಿಗೆ, ಕನಕಾಂಬರ, ತುಳಸಿ ಮಾಲೆ, ಮಾವಿನೆಲೆ, ಬಾಳೆಲೆ, ವೀಳ್ಯದೆಲೆ ಎಲ್ಲ ಒಂದೇ ಬೀದಿಯಲ್ಲಿ. ಉಡುಪಿ ಕಡೆಯವರಿಗೆ ಬೇಕಾದದ್ದು ಶಂಕರಪುರ ಮಲ್ಲಿಗೆ. ಬಾಳೆನಾರಿನಲ್ಲಿ ಕಟ್ಟಿದ ಹೂವು ಅಲ್ಲಿಂದ ಮುಂಬಯಿಗೆ ಬರುತ್ತದೆ. ಲೆಕ್ಕ ಅಟ್ಟೆಯದು. ಒಂದು ಚೆಂಡಿಗೆ 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಳೆಗಾಲದಲ್ಲಿ ಹೂವು ಕಡಿಮೆ, ಹಬ್ಬ ಮಾತ್ರ ಸಾಲುಸಾಲು, ಬೆಲೆ ಏರುತ್ತದೆ. ಹಿಂದಿನ ದಿನವೇ ಹೇಳಿಟ್ಟರೆ ಒಳ್ಳೆಯದು.

ಹೂವಿಗೆ ಬಂದವರು ಹಾಗೇ 1942ರಿಂದ ಇರುವ ಎ. ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿಕೊಂಡು ಹೋಗಿ. ಪಕ್ಕದಲ್ಲಿ ಕೂತವರ ಬಾಯಲ್ಲಿ ಒಂದೆರಡು ಕಾರ್ಯಕ್ರಮದ ಸುದ್ದಿಯೂ ಸಿಗುತ್ತದೆ.

ನಮ್ಮ ಕಾರ್ಯಕ್ರಮದ ಸುದ್ದಿ ಕೊಡಬೇಕು. ಏನೇನು ಬರೆಯಬೇಕು?

ಮನೆಯಿಂದ ಹೊರಡುವವರಿಗೆ ಬೇಕಾದದ್ದನ್ನು ಮೊದಲು ಬರೆಯಿರಿ. ಏನು, ಯಾವ ದಿನ, ಎಷ್ಟು ಗಂಟೆಗೆ ನಿಜವಾಗಿ ಶುರು, ಎಷ್ಟಕ್ಕೆ ಮುಗಿಯುತ್ತದೆ, ಎಲ್ಲಿ, ಯಾವ ಲೈನಿನ ಯಾವ ಸ್ಟೇಷನ್, ಪೂರ್ವವೋ ಪಶ್ಚಿಮವೋ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ. ಊಟ ಇದೆಯೋ ಬರೀ ಚಹಾ ತಿಂಡಿಯೋ. ಡಯಾಬಿಟಿಸ್ ಇರುವ ಹಿರಿಯರಿಗೆ ಈ ಕೊನೆಯದು ಸಣ್ಣ ವಿಷಯವಲ್ಲ. ಮುಗಿಯುವ ಹೊತ್ತು ಯಾರೂ ಬರೆಯುವುದಿಲ್ಲ. ಆದರೆ ಒಬ್ಬಂಟಿ ಹೆಂಗಸರು, ದೂರದವರು ಬರುವುದೋ ಬೇಡವೋ ಅಂತ ನಿರ್ಧರಿಸುವುದು ಅದನ್ನೇ ನೋಡಿ.

ಅತಿಥಿಗಳ ಹೆಸರು, ಅವರ ಪದವಿ, ಫೋಟೊ ಎಲ್ಲ ಇರಲಿ. ಅವರಿಗೆ ಗೌರವ ಕೊಡಬೇಕಾದದ್ದೇ. ಆದರೆ ಹದಿನೈದು ಫೋಟೊಗಳ ಕೆಳಗೆ ಜಾಗದ ಹೆಸರು ಓದಲಾಗದಷ್ಟು ಸಣ್ಣಗೆ ಇರಬಾರದು. ಎಂಬತ್ತು ವರ್ಷದವರು ಕನ್ನಡಕ ಹಾಕಿಯೂ ಓದಲಾಗದೆ ಆಮಂತ್ರಣವನ್ನು ಪಕ್ಕಕ್ಕಿಟ್ಟದ್ದನ್ನು ನೋಡಿದ್ದೇನೆ. ಅವರು ಬರುವವರಿದ್ದರು.

ಕರ್ನಾಟಕ ಮಲ್ಲ, ಉದಯವಾಣಿಯ ಮುಂಬಯಿ ಪುಟಗಳಿಗೆ ಕೊಡುವುದಾದರೆ ವಾರ ಮೊದಲೇ ಕೊಡಿ. ಮೈಸೂರು ಅಸೋಸಿಯೇಷನ್‌ನ 'ನೇಸರು' ತಿಂಗಳೋಲೆ, ಆದ್ದರಿಂದ ಅದಕ್ಕೆ ಇನ್ನೂ ಮೊದಲೇ ಮುಟ್ಟಬೇಕು.

ಈಗ ಎಲ್ಲರ ಕೈಯಲ್ಲೂ ಫೋನ್ ಇದೆ. ಕಾರ್ಡ್ ಹಾಕಿಸುವುದು ಯಾಕೆ?

ಎಲ್ಲರ ಕೈಯಲ್ಲೂ ಇಲ್ಲ. ಇದ್ದರೂ ನೋಡುವುದಿಲ್ಲ. ಮಾಟುಂಗಾ, ಸಯಾನ್‌ನ ಹಳೆ ಬಿಲ್ಡಿಂಗುಗಳಲ್ಲಿ ಒಬ್ಬರೇ ಇರುವ ಅಜ್ಜ ಅಜ್ಜಿಯರು ಎಷ್ಟು ಮಂದಿ ಇದ್ದಾರೆ, ನಿಮ್ಮ ಬಿಲ್ಡಿಂಗಿನಲ್ಲೇ ಎಣಿಸಿ ನೋಡಿ. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಇವರು ಹೋಟೆಲಲ್ಲಿ ದುಡಿಯುತ್ತ ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು, ಮಿಲ್ಲು, ರೈಲ್ವೆ ಸೇರಿದವರು. ಸಂಘಗಳಿಗೆ ಕುರ್ಚಿ ಹಾಕಿದವರು, ಚಂದಾ ಎತ್ತಿದವರು, ನಾಟಕಕ್ಕೆ ಟಿಕೆಟ್ ಮಾರಿದವರು ಇವರೇ. ಅಂಚೆಯಲ್ಲಿ ಕಾರ್ಡ್ ಬರುತ್ತಿದ್ದ ಕಾಲದಲ್ಲಿ ಅದನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ದಿನ ಎಣಿಸುತ್ತಿದ್ದರು. ಕಾರ್ಡ್ ನಿಂತಿತು. ಕಾರ್ಯಕ್ರಮಗಳೇ ನಿಂತುಹೋದವು ಅಂತ ಅವರಲ್ಲಿ ಕೆಲವರು ಅಂದುಕೊಂಡಿದ್ದಾರೆ.

ಸಾವಿರ ಕಾರ್ಡ್ ಬೇಡ. ಐವತ್ತು ಹಾಕಿಸಿ, ದೊಡ್ಡ ಅಕ್ಷರದಲ್ಲಿ, ಫೋನ್ ನೋಡದವರಿಗೆ ಮಾತ್ರ. ಅಂಚೆಗೆ ಹಾಕುವ ಬದಲು ಕೈಯಾರೆ ಕೊಟ್ಟು ಬನ್ನಿ. ಹೋದಾಗ 'ಅಂಕಲ್, ನಿಮ್ಮನ್ನು ಐದು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತೇವೆ' ಅಂತ ಹೇಳಿ. ಬರೀ ಕರೆಯುವುದು ಸಾಲದು, ಮೆಟ್ಟಿಲು ಇಳಿಸಿ ಕರೆತರುವವರು ಬೇಕು. ಯುವಕರು ಕೇಳುತ್ತಾರೆ, ನಾವು ಸಂಘಕ್ಕೆ ಏನು ಮಾಡಬಹುದು ಅಂತ. ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

ನಿಧನದ ಸುದ್ದಿಯನ್ನು ತಕ್ಷಣ ಹಂಚಬಹುದಾ?

ಮನೆಯವರಲ್ಲಿ ಒಬ್ಬರ ಬಾಯಿಂದ ಕೇಳಿದ ಮೇಲೆ ಮಾತ್ರ. ಮಗ ಬೇರೆ ದೇಶದಲ್ಲಿದ್ದು ಅವನಿಗೇ ಇನ್ನೂ ಗೊತ್ತಿಲ್ಲದಿರಬಹುದು. ಅಂತ್ಯಕ್ರಿಯೆಯ ಹೊತ್ತು, ಜಾಗ ಮನೆಯವರು ಹೇಳಿದ ಹಾಗೆಯೇ ಬರೆಯಿರಿ. ಹದಿಮೂರನೇ ದಿನದ ವಿಷಯವನ್ನು ಬೇರೆಯಾಗಿ ತಿಳಿಸಿ.

ರಾತ್ರಿ ಎಷ್ಟು ಹೊತ್ತಿನವರೆಗೆ ಮೈಕ್ ಹಾಕಬಹುದು?

10 ಗಂಟೆವರೆಗೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ಸರ್ಕಾರ 12ರವರೆಗೆ ಸಡಿಲಿಕೆ ಕೊಡಬಹುದು, ಆ ದಿನಗಳನ್ನು ಮೊದಲೇ ಪ್ರಕಟಿಸುತ್ತಾರೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್‌ವರೆಗೆ ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿರಬಹುದು. ಸಯಾನ್ ಆಸ್ಪತ್ರೆ, ಅಷ್ಟೊಂದು ಕಾಲೇಜು ಇರುವ ನಮ್ಮ ಭಾಗದಲ್ಲಿ ಇದನ್ನು ಮರೆಯಬಾರದು.

ಬ್ಯಾನರ್ ಕಟ್ಟಬಹುದಾ?

ಅನುಮತಿ ಇಲ್ಲದೆ ಬೇಡ. ಗೋಡೆ, ಕಂಬಕ್ಕೆ ಅಂಟಿಸುವುದೂ ಬೇಡ. 1995ರಿಂದ ಅದಕ್ಕೆ ಕಾನೂನೇ ಇದೆ. ಹೂವಿನ ಅಂಗಡಿ, ಕಾಫಿ ಪುಡಿ ಅಂಗಡಿ, ದೇವಸ್ಥಾನ, ಗ್ರಂಥಾಲಯದವರನ್ನು ಕೇಳಿ ಒಂದು ಕಾಗದ ಹಚ್ಚಿದರೆ ಸಾಕು.

ನಮ್ಮಂಥ ನಿವಾಸಿಗಳು ಕೇಳಿದರೆ ಪಾಲಿಕೆ ಕೆಲಸ ಮಾಡುತ್ತದಾ?

ಮಾಡಿಸಿದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಅಂಬೇಡ್ಕರ್ ರಸ್ತೆಯ ಫ್ಲೈಓವರ್ ಕೆಳಗಿನ ಜಾಗ ನೋಡಿ. ಈ ನಗರದಲ್ಲಿ ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸುವುದು, ಕಸ ಹಾಕುವುದು ಮಾಮೂಲು. ಮಾಟುಂಗಾದ ನಿವಾಸಿಗಳು ಒಟ್ಟಾಗಿ ಅದಕ್ಕೆ ಅವಕಾಶ ಕೊಡಲಿಲ್ಲ. ತೋಟ ಬೇಕು ಅಂತ ವರ್ಷಗಟ್ಟಲೆ ಹಿಡಿದು ಕೂತರು. ನರ್ಮದಾ ನದಿಯ ಹರಿವಿನ ಹಾಗೆ ಬಳುಕುವ ಕಾಲುದಾರಿ ಇರುವ ನಾನಾಲಾಲ್ ಮೆಹತಾ ಉದ್ಯಾನ ಹಾಗೆ ಬಂತು. ಈಗ ಬೆಳಿಗ್ಗೆ ಅಲ್ಲಿ ನಡೆಯುವವರಲ್ಲಿ ಗುಜರಾತಿ, ತಮಿಳು, ಕನ್ನಡ, ಮರಾಠಿ ಎಲ್ಲರೂ ಇದ್ದಾರೆ.

ನಮ್ಮದು ಎಫ್ ನಾರ್ತ್ ವಾರ್ಡ್. ದೂರು ಕೊಟ್ಟರೆ ನಂಬರ್ ಬರೆದಿಟ್ಟುಕೊಳ್ಳಿ, ವಾರ ಬಿಟ್ಟು ಅದೇ ನಂಬರ್ ಹಿಡಿದು ಕೇಳಿ. ಒಬ್ಬರ ಹತ್ತು ದೂರಿಗಿಂತ ಒಂದು ಬಿಲ್ಡಿಂಗಿನ ಹತ್ತು ಜನರ ಸಹಿ ಇರುವ ಒಂದು ಪತ್ರ ಹೆಚ್ಚು ಕೆಲಸ ಮಾಡುತ್ತದೆ.

ಅಕ್ಕಪಕ್ಕದವರ ಹಬ್ಬಗಳಲ್ಲಿ ನೋಡಲೇಬೇಕಾದವು ಯಾವುವು?

ಆಷಾಢ ಏಕಾದಶಿಗೆ ವಡಾಲದ ವಿಠೋಬಾ ಮಂದಿರ. ಪಂಢರಪುರಕ್ಕೆ ಹೋಗಲಾಗದವರೆಲ್ಲ ಅಲ್ಲಿಗೆ ಬರುತ್ತಾರೆ. ನಮ್ಮ ದಾಸರು ಹಾಡಿದ್ದೂ ಅದೇ ವಿಠಲನನ್ನು. ರಾಮನವಮಿಗೆ ಮಾಟುಂಗಾದ ಆಸ್ತಿಕ ಸಮಾಜ. ನಾರಳಿ ಪೂರ್ಣಿಮೆಗೆ ಮಾಹಿಮ್, ವರಳಿಯ ಕೋಳಿವಾಡ. ಅವತ್ತು ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುತ್ತಾರೆ. ನಮ್ಮ ಮೊಗವೀರರಿಗೆ ಅದು ಮನೆಯ ಹಬ್ಬದಂತೆಯೇ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆ. ಡಿಸೆಂಬರಿನಲ್ಲಿ ಮಾಹಿಮ್ ದರ್ಗಾದ ಉರೂಸ್.

ನನ್ನ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಲ್ಲಿ ಏನಾದರೂ ಇದೆಯಾ?

ಕನ್ನಡ ಕಲಿಕೆ ತರಗತಿ ಯಾವ ಸಂಘದಲ್ಲಿ ನಡೆಯುತ್ತಿದೆ ಅಂತ ಆ ವರ್ಷವೇ ವಿಚಾರಿಸಿ, ಕಲಿಸುವವರು ಸಿಕ್ಕ ಹಾಗೆ ಜಾಗ ಬದಲಾಗುತ್ತದೆ. ದೊಡ್ಡವರಿಗೆ ಕಾಲಿನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, 1978ರಿಂದ. ಎಂ.ಎ., ಪಿಎಚ್.ಡಿ. ಮಾಡುವ ಗೃಹಿಣಿಯರು, ನಿವೃತ್ತರು ಅಲ್ಲಿ ಬಹಳ.

ಮಕ್ಕಳಿಗೆ ನಾಟಕದಲ್ಲೋ ಯಕ್ಷಗಾನದಲ್ಲೋ ಒಂದು ಸಣ್ಣ ಪಾತ್ರ ಕೊಡಿಸಿ. ಮಾತು ಬಾಯಿಪಾಠ ಮಾಡಬೇಕಲ್ಲ, ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಎರಡನೇ ನಾಟಕದ ಹೊತ್ತಿಗೆ ಕನ್ನಡದಲ್ಲೇ ಬರೆದುಕೊಡಿ ಅಂತ ಅವರೇ ಕೇಳುತ್ತಾರೆ. 'ಳ' ಅಕ್ಷರ ಇಂಗ್ಲಿಷಿನಲ್ಲಿ ಬರುವುದಿಲ್ಲ, ನಿರ್ದೇಶಕರು ಬಿಡುವುದಿಲ್ಲ.

ಸುದ್ದಿಯಲ್ಲಿ ಸಮಯವೋ ಜಾಗವೋ ಬದಲಾದರೆ ಹೇಗೆ ತಿಳಿಸಬೇಕು?

ಹಳೆಯ ಆಮಂತ್ರಣವನ್ನೇ ತಿದ್ದಿ ಮತ್ತೆ ಕಳಿಸಬೇಡಿ. ನೋಡಿದವರು 'ಇದು ಬಂದದ್ದೇ' ಅಂತ ತೆರೆಯುವುದಿಲ್ಲ. ಮೊದಲ ಸಾಲಿನಲ್ಲೇ 'ಬದಲಾವಣೆ' ಅಂತ ಹಾಕಿ, ಮೊದಲು ಏನಿತ್ತು, ಈಗ ಏನು ಅಂತ ಎರಡನ್ನೂ ಬರೆಯಿರಿ. ಕಾರ್ಡ್ ಕೊಟ್ಟ ಐವತ್ತು ಮನೆಗಳಿಗೆ ಫೋನ್ ಮಾಡಿ. ಹಳೆಯ ಜಾಗದ ಬಾಗಿಲಲ್ಲಿ ಮೊದಲ ಒಂದು ಗಂಟೆ ಒಬ್ಬರನ್ನು ನಿಲ್ಲಿಸಿ, ಹೊಸ ಜಾಗಕ್ಕೆ ದಾರಿ ಹೇಳಲು, ಬೇಕಿದ್ದರೆ ಟ್ಯಾಕ್ಸಿ ಹತ್ತಿಸಲು.